ಬಳಸದ ದೇಹಕ್ಕೇ ಸವಕಳಿ ಹೆಚ್ಚು: ಹಿರಿಯ ವರ್ತಕರು ಹಾಗೂ ದೈಹಿಕ ಚಟುವಟಿಕೆ

ವರ್ಷಾಂತ್ಯದ ಲೆಕ್ಕಪತ್ರ ಸಿದ್ಧಪಡಿಸುವಾಗ ಯಂತ್ರೋಪಕರಣ, ವಾಹನ, ಪೀಠೋಪಕರಣಗಳಿಗೆ ಸವಕಳಿ ಬರೆಯುವುದನ್ನು ನಮ್ಮಲ್ಲಿ ಯಾರೂ ಮರೆಯುವುದಿಲ್ಲ. ಲೇತ್ ಯಂತ್ರಕ್ಕೆ ಕಾಲಕಾಲಕ್ಕೆ ಎಣ್ಣೆ ಹಾಕಿಸುತ್ತೇವೆ, ಜನರೇಟರಿನ ಸರ್ವಿಸಿಂಗ್ ಮಾಡಿಸುತ್ತೇವೆ, ಗೋದಾಮಿಗೆ ವಿಮೆ ಇಳಿಸುತ್ತೇವೆ. ಆದರೆ ಇಡೀ ವ್ಯವಹಾರವನ್ನು ಹೊತ್ತು ನಿಂತಿರುವ ಮಾಲೀಕನ ದೇಹವು ಯಾವ ಆಸ್ತಿ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ. ಅದರ ನಿರ್ವಹಣೆಗೆಂದು ದಿನಕ್ಕೆ ಅರ್ಧ ಗಂಟೆಯನ್ನೂ ಮೀಸಲಿಡದೆ ಅರವತ್ತು, ಎಪ್ಪತ್ತು ವರ್ಷ ದಾಟುವ ವರ್ತಕರೇ ನಮ್ಮಲ್ಲಿ ಹೆಚ್ಚು.

ಇದು ಕೇವಲ ವೈಯಕ್ತಿಕ ವಿಷಯವೆಂದು ತಳ್ಳಿಹಾಕುವಂತಿಲ್ಲ. ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಯಲ್ಲಿ ಖರೀದಿ, ಸಾಲ, ವಸೂಲಿ, ಚೆಕ್ಕಿನ ಸಹಿ ಎಲ್ಲವೂ ಒಬ್ಬರ ಮೇಲೆಯೇ ನಿಂತಿರುತ್ತವೆ. ಆ ಒಬ್ಬರು ತೊಡೆಯ ಮೂಳೆ ಮುರಿದುಕೊಂಡು ಮೂರು ತಿಂಗಳು ಹಾಸಿಗೆ ಹಿಡಿದರೆ ಮಾರುಕಟ್ಟೆಯಲ್ಲಿನ ಬಾಕಿ, ಗಿರಾಕಿಗಳ ವಿಶ್ವಾಸ, ಹಬ್ಬದ ಕಾಲದ ವಹಿವಾಟು ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಪಾಲುದಾರಿಕೆಯಲ್ಲಿಯೂ ನಿಶ್ಚಿಂತೆಯಿಲ್ಲ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 44ನೆಯ ಕಲಮಿನಂತೆ, ಪಾಲುದಾರನೊಬ್ಬನು ತನ್ನ ಕರ್ತವ್ಯ ನಿರ್ವಹಿಸಲು ಶಾಶ್ವತವಾಗಿ ಅಸಮರ್ಥನಾದುದು ಸಂಸ್ಥೆಯ ವಿಸರ್ಜನೆಗಾಗಿ ಇತರ ಪಾಲುದಾರರು ನ್ಯಾಯಾಲಯದ ಮೊರೆಹೋಗಲು ಒಂದು ಕಾರಣವಾಗಬಲ್ಲದು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವುದು ಸ್ವಾಗತಾರ್ಹವೇ. ಆದರೆ ವಿಮೆಯು ಆಸ್ಪತ್ರೆಯ ಬಿಲ್ಲನ್ನು ಭರಿಸೀತೇ ಹೊರತು ಕಳೆದುಹೋದ ಕಾಲುಗಳ ಬಲವನ್ನು ಮರಳಿ ಕೊಡಲಾರದು.

ಯಂತ್ರಕ್ಕೂ ದೇಹಕ್ಕೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಯಂತ್ರವು ಬಳಸಿದಷ್ಟೂ ಸವೆಯುತ್ತದೆ. ದೇಹವು ಬಳಸದೆ ಬಿಟ್ಟಷ್ಟೂ ಸವೆಯುತ್ತದೆ. ವೃದ್ಧಾಪ್ಯದ್ದೆಂದು ನಾವು ಒಪ್ಪಿಕೊಂಡುಬಿಡುವ ದೌರ್ಬಲ್ಯದಲ್ಲಿ ಗಣನೀಯ ಭಾಗವು ವಾಸ್ತವವಾಗಿ ನಿಷ್ಕ್ರಿಯತೆಯಿಂದ ಬಂದದ್ದು ಎಂಬುದನ್ನು ಕಳೆದ ಏಳು ದಶಕಗಳ ಸಂಶೋಧನೆಗಳು ತೋರಿಸಿಕೊಟ್ಟಿವೆ. ಈ ತಿಳಿವಳಿಕೆಯನ್ನು ನಮ್ಮ ಅಂಗಡಿ ಹಾಗೂ ಕಾರ್ಖಾನೆಗಳ ದಿನಚರಿಗೆ ಹೇಗೆ ಅನ್ವಯಿಸಿಕೊಳ್ಳಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗಾದಿಯಿಂದ ಕುರ್ಚಿಗೆ

ಹಿಂದಿನ ತಲೆಮಾರಿನ ವರ್ತಕರು ಗಾದಿಯ ಮೇಲೆ ಕುಳಿತು, ಲೋಡಿಗೆ ಒರಗಿ ವ್ಯಾಪಾರ ಮಾಡುತ್ತಿದ್ದರು. ಅವರದೂ ಕುಳಿತು ಮಾಡುವ ಕೆಲಸವೇ. ಆದರೆ ಗಿರಾಕಿ ಬಂದಾಗ, ಮಾಲು ತೋರಿಸುವಾಗ, ಗೋದಾಮಿಗೆ ಹೋಗುವಾಗ ಪ್ರತಿ ಬಾರಿಯೂ ನೆಲದಿಂದ ಎದ್ದು, ಮತ್ತೆ ನೆಲಕ್ಕೆ ಕೂರಬೇಕಾಗಿತ್ತು. ವಸೂಲಿಗೆ ಪೇಟೆ ಸುತ್ತಬೇಕಾಗಿತ್ತು. ಬ್ಯಾಂಕಿಗೆ, ಅಂಚೆ ಕಚೇರಿಗೆ, ಲಾರಿ ಆಫೀಸಿಗೆ ನಡೆದೇ ಹೋಗಬೇಕಾಗಿತ್ತು. ವ್ಯಾಯಾಮವೆಂಬ ಹೆಸರಿಲ್ಲದೆಯೇ ಸೊಂಟ, ಮಂಡಿ, ತೊಡೆಗಳಿಗೆ ದಿನವಿಡೀ ಕೆಲಸ ಸಿಗುತ್ತಿತ್ತು.

ಇಂದು ಗಾದಿಯ ಸ್ಥಾನದಲ್ಲಿ ತಿರುಗುವ ಕುರ್ಚಿ ಬಂದಿದೆ. ಬಿಲ್ಲು ಕಂಪ್ಯೂಟರಿನಲ್ಲಿ, ಆರ್ಡರು ಮೊಬೈಲಿನಲ್ಲಿ, ಹಣ ಪಾವತಿ ಯುಪಿಐ ಮೂಲಕ, ತೆರಿಗೆ ವಿವರಣೆ ಜಾಲತಾಣದಲ್ಲಿ. ಗೋದಾಮಿನಲ್ಲಿ ಏನಿದೆಯೆಂದು ಕ್ಯಾಮರಾದಲ್ಲಿಯೇ ಕಾಣುತ್ತದೆ. ಇವೆಲ್ಲವೂ ವ್ಯಾಪಾರಕ್ಕೆ ಅನುಕೂಲವೇ. ಆದರೆ ಬೆಳಿಗ್ಗೆ ಹತ್ತಕ್ಕೆ ಕುಳಿತವರು ರಾತ್ರಿ ಒಂಬತ್ತಕ್ಕೆ ಏಳುವ, ನಡುವೆ ಊಟಕ್ಕೆ ಸ್ಕೂಟರಿನಲ್ಲಿ ಮನೆಗೆ ಹೋಗಿಬರುವ, ರಾತ್ರಿ ಹತ್ತಕ್ಕೆ ಉಂಡು ಮಲಗುವ ದಿನಚರಿಯೂ ಇದರೊಂದಿಗೇ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದ ಇಂಡಿಯಾಬ್ ಸಮೀಕ್ಷೆಯು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಮೀಕ್ಷೆಗೊಳಗಾದ ವಯಸ್ಕರಲ್ಲಿ ಶೇ. 54.4ರಷ್ಟು ಮಂದಿ ದೈಹಿಕವಾಗಿ ನಿಷ್ಕ್ರಿಯರಾಗಿದ್ದರು.

ಲಂಡನ್ ಬಸ್ಸುಗಳು ಕಲಿಸಿದ ಪಾಠ

ಕುಳಿತು ಮಾಡುವ ಉದ್ಯೋಗಕ್ಕೂ ಹೃದ್ರೋಗಕ್ಕೂ ಇರುವ ನಂಟು ಮೊದಲು ಸ್ಪಷ್ಟವಾಗಿ ಕಂಡುಬಂದದ್ದು ಒಂದು ಕೆಲಸದ ಸ್ಥಳದಲ್ಲಿಯೇ. ಬ್ರಿಟನ್ನಿನ ವೈದ್ಯ ಜೆರೆಮಿ ಮೋರಿಸ್ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1953ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಸ್ಸು, ಒಂದೇ ಮಾಲೀಕರು. ಆದರೆ ಚಾಲಕನು ಪಾಳಿಯ ಬಹುಪಾಲು ಕುಳಿತೇ ಇರುತ್ತಿದ್ದನು, ನಿರ್ವಾಹಕನು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದನು. ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಚಾಲಕರಿಗಿಂತ ಕಡಿಮೆಯಾಗಿತ್ತು. ಬಂದರೂ ತಡವಾಗಿ, ಅಷ್ಟು ತೀವ್ರವಲ್ಲದ ಸ್ವರೂಪದಲ್ಲಿ ಬರುತ್ತಿತ್ತು. ನಡೆದು, ಸೈಕಲ್ ತುಳಿದು ಟಪಾಲು ಹಂಚುವವರಿಗೂ ಕುಳಿತು ಕೆಲಸ ಮಾಡುವ ಅಂಚೆ ಗುಮಾಸ್ತರಿಗೂ ನಡುವೆ ಇಂತಹುದೇ ಅಂತರ ಕಂಡುಬಂದಿತು.

ಸ್ಥೂಲಕಾಯರೇ ಚಾಲಕ ವೃತ್ತಿಯನ್ನು ಆರಿಸಿಕೊಳ್ಳುತ್ತಿದ್ದಿರಬಹುದಲ್ಲವೇ ಎಂಬ ಆಕ್ಷೇಪ ಸಹಜವಾಗಿಯೇ ಬಂದಿತು. ಮೋರಿಸ್ ತಂಡವು ಸಿಬ್ಬಂದಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಗಳನ್ನೇ ತರಿಸಿ ನೋಡಿದಾಗ ಚಾಲಕರ ಸೊಂಟದ ಸುತ್ತಳತೆ ನಿಜಕ್ಕೂ ಹೆಚ್ಚಾಗಿತ್ತು. ಹೀಗಾಗಿ ಇಡೀ ವ್ಯತ್ಯಾಸವನ್ನು ಮೆಟ್ಟಿಲುಗಳಿಗೇ ಆರೋಪಿಸುವಂತಿಲ್ಲ. ಆದರೆ ಆನಂತರ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳು ಚಟುವಟಿಕೆಯ ಪ್ರಯೋಜನವನ್ನು ದೃಢಪಡಿಸಿವೆ. ತಾವೂ ಬಹುಕಾಲ ವ್ಯಾಯಾಮವನ್ನು ಬಿಡದ ಮೋರಿಸ್ ಅವರು 2009ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ನಿಧನರಾದರು. ನಮ್ಮ ಅಂಗಡಿಗಳಲ್ಲಿ ಚಾಲಕನ ಸ್ಥಾನದಲ್ಲಿ ಮಾಲೀಕರು ಕುಳಿತಿದ್ದಾರೆ, ನಿರ್ವಾಹಕನ ಕೆಲಸವನ್ನು ಹುಡುಗರು ಮಾಡುತ್ತಿದ್ದಾರೆ.

ವಯಸ್ಸಿನ ಪಾಲೆಷ್ಟು, ನಿಷ್ಕ್ರಿಯತೆಯ ಪಾಲೆಷ್ಟು?

ಅಮೆರಿಕದ ಡಲ್ಲಾಸ್ ನಗರದಲ್ಲಿ 1966ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಇರಿಸಿ, ಅವರ ಶ್ರಮಸಾಮರ್ಥ್ಯವನ್ನು ಅಳೆಯಲಾಯಿತು. ಮೂವತ್ತು ವರ್ಷಗಳ ನಂತರ, ಅವರು ಐವತ್ತರ ವಯಸ್ಸಿನವರಾಗಿದ್ದಾಗ, ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಮೂವತ್ತು ವರ್ಷ ವಯಸ್ಸಾದುದರಿಂದ ಕುಗ್ಗಿದ್ದಕ್ಕಿಂತ ಮೂರು ವಾರ ಮಲಗಿದ್ದುದರಿಂದ ಕುಗ್ಗಿದ ಸಾಮರ್ಥ್ಯವೇ ಹೆಚ್ಚಾಗಿತ್ತು! ನಂತರ ಆರು ತಿಂಗಳ ಕಾಲ ನಡಿಗೆ, ನಿಧಾನ ಓಟ, ಸೈಕಲ್ ಸವಾರಿಯ ತರಬೇತಿ ನೀಡಿದಾಗ ಅವರ ಸಾಮರ್ಥ್ಯ ಇಪ್ಪತ್ತರ ವಯಸ್ಸಿನಲ್ಲಿ ಮಲಗುವ ಮೊದಲು ಇದ್ದ ಮಟ್ಟಕ್ಕೆ ಮರಳಿತು. ಐವರ ಮೇಲಿನ ಪ್ರಯೋಗವಾದರೂ ಇದರ ಸೂಚನೆ ಸ್ಪಷ್ಟವಾಗಿದೆ.

ಸ್ನಾಯುಗಳ ವಿಷಯವೂ ಹೀಗೆಯೇ. ಮೂವತ್ತರ ನಂತರ ಪ್ರತಿ ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕ್ಷೀಣಿಸುತ್ತದೆ. ಅರವತ್ತರ ನಂತರ ಈ ವೇಗ ಇನ್ನೂ ಹೆಚ್ಚು. ಥಟ್ಟನೆ ಶಕ್ತಿ ತೋರುವ ಎಳೆಗಳೇ ಮೊದಲು ಕಡಿಮೆಯಾಗುತ್ತವೆ. ಎಡವಿದಾಗ ಕ್ಷಣಮಾತ್ರದಲ್ಲಿ ಕಾಲು ಮುಂದಿಟ್ಟು ದೇಹವನ್ನು ಹಿಡಿದುಕೊಳ್ಳಲು ಬೇಕಾದುದು ಇದೇ ಶಕ್ತಿ. ಆದರೆ ಈ ನಷ್ಟವನ್ನು ಭರಿಸಿಕೊಳ್ಳಲು ಯಾವ ವಯಸ್ಸೂ ತಡವಲ್ಲ. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರಗಳ ಕಾಲ ಕಾಲುಗಳಿಂದ ಭಾರ ಎತ್ತುವ ತರಬೇತಿ ನೀಡಲಾಯಿತು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲುಗಳ ಬಲ ಸರಾಸರಿ ಶೇ. 174ರಷ್ಟು ವೃದ್ಧಿಯಾಯಿತು. ತೊಂಬತ್ತರಲ್ಲಿ ಸಾಧ್ಯವಾದುದು ಅರವತ್ತೈದರಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಸಕ್ಕರೆ ಕಾಯಿಲೆ ಹಾಗೂ ಸ್ನಾಯು

ಊಟದ ನಂತರ ರಕ್ತಕ್ಕೆ ಸೇರುವ ಸಕ್ಕರೆಯನ್ನು ಹೀರಿಕೊಳ್ಳುವ ಅತಿದೊಡ್ಡ ಗಿರಾಕಿ ಸ್ನಾಯುಗಳೇ. ಕೆಲಸವಿಲ್ಲದ ಸ್ನಾಯು ಸಕ್ಕರೆಯನ್ನು ಕೊಳ್ಳುವುದಿಲ್ಲ. ಮಾಲು ರಕ್ತದಲ್ಲಿಯೇ ಉಳಿಯುತ್ತದೆ. ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ 2023ರಲ್ಲಿ ಇಂಡಿಯಾಬ್ ಸಮೀಕ್ಷೆ ಅಂದಾಜಿಸಿದೆ.

ನೆರೆಯ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಉಲ್ಲೇಖನೀಯ. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳಲ್ಲಿ ಶೇ. 55ರಷ್ಟು ಮಂದಿಗೆ ಮಧುಮೇಹ ಬಂದರೆ, ಪಥ್ಯ ಹಾಗೂ ದಿನಕ್ಕೆ ಅರ್ಧ ಗಂಟೆಯ ನಡಿಗೆಯಂತಹ ಬದಲಾವಣೆಗಳನ್ನು ಪಾಲಿಸಿದ ಗುಂಪಿನಲ್ಲಿ ಈ ಪ್ರಮಾಣ ಶೇ. 39.3ಕ್ಕೆ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಮಧ್ಯವಯಸ್ಕರು. ಹಿರಿಯರಿಗೆ ಈ ಮಾತು ಅನ್ವಯಿಸುವುದೇ ಎಂಬ ಪ್ರಶ್ನೆಗೆ ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂತಹುದೇ ದೊಡ್ಡ ಅಧ್ಯಯನ ಉತ್ತರಿಸುತ್ತದೆ. ಅಲ್ಲಿ ಆಹಾರ ಮತ್ತು ವ್ಯಾಯಾಮದ ಕ್ರಮದಿಂದ ಮಧುಮೇಹದ ಪ್ರಮಾಣ ಒಟ್ಟಾರೆ ಶೇ. 58ರಷ್ಟು ತಗ್ಗಿದರೆ, ಅರವತ್ತು ದಾಟಿದವರಲ್ಲಿ ಶೇ. 71ರಷ್ಟು ತಗ್ಗಿತು. ಲಾಭ ಹೆಚ್ಚಾಗಿ ಸಂದದ್ದು ಹಿರಿಯರಿಗೇ.

ಬೀಳುವುದೆಂಬ ನಷ್ಟ

ಹಿರಿಯರಿಗೆ ಬೀಳುವುದೆಂದರೆ ಒಂದು ಕ್ಷಣದ ಅಪಘಾತವಷ್ಟೇ ಅಲ್ಲ. ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ಹಾಸಿಗೆವಾಸ, ಅದರಿಂದ ಮತ್ತಷ್ಟು ಸ್ನಾಯುಕ್ಷಯ, ಮತ್ತೆ ಬೀಳುವ ಭಯ ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಬೀಳುವುದರಿಂದ ವಿಶ್ವದಲ್ಲಿ ಪ್ರತಿ ವರ್ಷ ಸುಮಾರು 6.84 ಲಕ್ಷ ಮಂದಿ ಸಾವಿಗೀಡಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಂಗಡಿಯ ಎತ್ತರದ ಹೊಸ್ತಿಲು, ಗೋದಾಮಿನ ಕತ್ತಲು, ಅಟ್ಟದ ಏಣಿ, ದಾರಿಗೆ ಅಡ್ಡವಾಗಿಟ್ಟ ಗೋಣಿ ಚೀಲ, ನೆಲದ ಮೇಲೆ ಚೆಲ್ಲಿದ ಎಣ್ಣೆ ಇವೆಲ್ಲವೂ ನಮ್ಮ ವೃತ್ತಿಯಲ್ಲಿ ನಿತ್ಯವೂ ಎದುರಾಗುವ ಅಪಾಯಗಳು.

ಮನೆಯಲ್ಲಿ ವಾಸಿಸುವ ಹಿರಿಯರ ಮೇಲೆ ನಡೆದ 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನಡೆಸಿದ ವಿಮರ್ಶೆಯು, ವ್ಯಾಯಾಮದಿಂದ ಬೀಳುವ ಪ್ರಮಾಣ ಶೇ. 23ರಷ್ಟು ಕಡಿಮೆಯಾಗುವುದೆಂದು ತಿಳಿಸಿದೆ. ಸಮತೋಲನದ ಅಭ್ಯಾಸವೇ ಇದರಲ್ಲಿ ಮುಖ್ಯವಾದುದು. 2014ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 70ರಿಂದ 89 ವರ್ಷದ 1,635 ಮಂದಿ ಭಾಗವಹಿಸಿದ್ದರು. ಸರಾಸರಿ ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ನಡಿಗೆ, ಬಲವರ್ಧನೆ, ಸಮತೋಲನಗಳನ್ನು ರೂಢಿಸಿಕೊಂಡವರಲ್ಲಿ 400 ಮೀಟರ್ ದೂರವನ್ನೂ ನಡೆಯಲಾಗದ ಸ್ಥಿತಿ ತಲುಪುವ ಸಂಭವ, ಕೇವಲ ಆರೋಗ್ಯ ಶಿಕ್ಷಣ ಪಡೆದವರಿಗಿಂತ ಶೇ. 18ರಷ್ಟು ಕಡಿಮೆಯಾಗಿತ್ತು. 400 ಮೀಟರ್ ಎಂದರೆ ಅಂಗಡಿಯಿಂದ ಬಸ್ ನಿಲ್ದಾಣಕ್ಕೋ, ಮನೆಯಿಂದ ದೇವಸ್ಥಾನಕ್ಕೋ ಇರುವ ದೂರ. ಅಷ್ಟನ್ನು ಸ್ವತಃ ನಡೆಯಬಲ್ಲವರು ಸ್ವತಂತ್ರರು; ನಡೆಯಲಾಗದವರು ಪರಾಧೀನರು.

ಎಷ್ಟು ಚಟುವಟಿಕೆ ಅಗತ್ಯ?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 65 ವರ್ಷ ದಾಟಿದವರಿಗೆ ಈ ಕೆಳಗಿನ ಪ್ರಮಾಣವನ್ನು ಸೂಚಿಸಲಾಗಿದೆ:

1. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ. ಚುರುಕಾದ ನಡಿಗೆ ಇದಕ್ಕೆ ಉತ್ತಮ ಉದಾಹರಣೆ. ನಡೆಯುತ್ತ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಅದೇ ಸರಿಯಾದ ವೇಗ.

2. ವಾರಕ್ಕೆ ಕನಿಷ್ಠ ಎರಡು ದಿನ ಪ್ರಮುಖ ಸ್ನಾಯುಗಳ ಬಲವರ್ಧನೆಯ ವ್ಯಾಯಾಮ.

3. ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಹಾಗೂ ಬಲಕ್ಕೆ ಒತ್ತುಕೊಡುವ ವಿವಿಧ ಬಗೆಯ ಚಟುವಟಿಕೆ.

ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂದು ಹಿಂದೆ ಇದ್ದ ನಿಯಮವನ್ನು ಈ ಮಾರ್ಗಸೂಚಿಯಲ್ಲಿ ಕೈಬಿಡಲಾಗಿದೆ. ಐದು ನಿಮಿಷದ ನಡಿಗೆಯೂ ಜಮೆಯಾಗುತ್ತದೆ. ಬೆಳಗಿನ ವಾಯುವಿಹಾರಕ್ಕೆ ಬಿಡುವಿಲ್ಲದ ವರ್ತಕರಿಗೆ ಇದು ಅನುಕೂಲಕರ. ಬೆಳಿಗ್ಗೆ ಒಂದು ಗಂಟೆ ನಡೆದು ಬಂದೆನಲ್ಲ ಎಂದು ಉಳಿದ ದಿನವೆಲ್ಲ ಕುಳಿತೇ ಇರುವುದೂ ತರವಲ್ಲ. ನಡಿಗೆ ಮಾತ್ರ ಸಾಲದು ಎಂಬುದನ್ನೂ ನೆನಪಿಡಬೇಕು. ಬಲ ಹಾಗೂ ಸಮತೋಲನದ ಅಭ್ಯಾಸವನ್ನು ನಮ್ಮಲ್ಲಿ ಬಹುತೇಕರು ಪೂರ್ತಿಯಾಗಿ ಬಿಟ್ಟಿರುತ್ತಾರೆ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕೆಂಬ ನಂಬಿಕೆ ವ್ಯಾಪಕವಾಗಿದೆ. ಈ ಸಂಖ್ಯೆ ಹುಟ್ಟಿದ್ದು ವೈದ್ಯಶಾಸ್ತ್ರದಲ್ಲಲ್ಲ, ಮಾರಾಟ ಕಲೆಯಲ್ಲಿ ಎಂಬುದು ವ್ಯಾಪಾರಿಗಳಿಗೆ ಕುತೂಹಲಕರವೆನಿಸಬಹುದು. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಕಂಪನಿಯು ಹೆಜ್ಜೆ ಎಣಿಸುವ ಉಪಕರಣವೊಂದನ್ನು 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬ ಅರ್ಥದ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಹೆಸರೇ ಗುರಿಯಾಗಿ ನಿಂತಿತು. ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳ ಆಚೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಅಂದರೆ ಏನೂ ಮಾಡದವರು ಸ್ವಲ್ಪ ಮಾಡತೊಡಗಿದಾಗಲೇ ಲಾಭಾಂಶ ಅತ್ಯಧಿಕ.

ಕುರ್ಚಿಯಿಂದಲೇ ಒಂದು ಪರೀಕ್ಷೆ

ತಮ್ಮ ಕಾಲುಗಳ ಬಂಡವಾಳ ಎಷ್ಟಿದೆಯೆಂದು ಪ್ರತಿಯೊಬ್ಬರೂ ತಾವೇ ಅಳೆದುಕೊಳ್ಳಬಹುದು. ಕೈಯಿಲ್ಲದ ಗಟ್ಟಿಯಾದ ಕುರ್ಚಿಯೊಂದನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುಳಿತು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿಯಾಗಿ ಎದ್ದು ಕೂರಲು ಸಾಧ್ಯವೆಂದು ಎಣಿಸಬೇಕು. ಪಕ್ಕದಲ್ಲಿ ಮತ್ತೊಬ್ಬರಿರುವುದು ಕ್ಷೇಮ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾನದಂಡದಂತೆ, 60ರಿಂದ 64 ವರ್ಷದ ಪುರುಷರಲ್ಲಿ 14ಕ್ಕಿಂತ, ಮಹಿಳೆಯರಲ್ಲಿ 12ಕ್ಕಿಂತ ಕಡಿಮೆಯಾದರೆ. 65ರಿಂದ 69ರವರೆಗಿನ ಪುರುಷರಲ್ಲಿ 12ಕ್ಕಿಂತ, ಮಹಿಳೆಯರಲ್ಲಿ 11ಕ್ಕಿಂತ ಕಡಿಮೆಯಾದರೆ. 70ರಿಂದ 74ರವರೆಗಿನ ಪುರುಷರಲ್ಲಿ 12ಕ್ಕಿಂತ, ಮಹಿಳೆಯರಲ್ಲಿ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚೆಂದು ತಿಳಿಯಬೇಕು. ಕೈ ಊರದೆ ಒಮ್ಮೆಯೂ ಏಳಲಾಗದವರು ವೈದ್ಯರನ್ನು ಕಾಣಬೇಕು.

ವ್ಯಾಪಾರದ ದಿನಚರಿಯಲ್ಲಿ ಅಳವಡಿಕೆ

ಬೀಗ ತೆರೆಯುವ ಮುನ್ನ: ವಾಹನವನ್ನು ಅಂಗಡಿಯಿಂದ ಹತ್ತು ನಿಮಿಷದ ದೂರದಲ್ಲಿ ನಿಲ್ಲಿಸಿ ನಡೆದು ಬರಬಹುದು. ಹೋಗಿಬರುವುದು ಸೇರಿ 20 ನಿಮಿಷವಾಯಿತು. ವಾರಕ್ಕೆ ಆರು ದಿನವಾದರೆ 120 ನಿಮಿಷ ಇಲ್ಲಿಯೇ ಜಮೆ.

ವ್ಯಾಪಾರದ ವೇಳೆಯಲ್ಲಿ: ಪ್ರತಿ ಅರ್ಧ ಗಂಟೆಗೊಮ್ಮೆ ಏಳಬೇಕು. ಫೋನಿನಲ್ಲಿ ಮಾತನಾಡುವಾಗ ನಿಂತು ಅಥವಾ ನಡೆಯುತ್ತ ಮಾತನಾಡುವುದನ್ನು ರೂಢಿಸಿಕೊಳ್ಳಬಹುದು. ದಾಸ್ತಾನನ್ನು ಕ್ಯಾಮರಾದಲ್ಲಿ ನೋಡುವ ಬದಲು ದಿನಕ್ಕೆರಡು ಬಾರಿ ಸ್ವತಃ ಹೋಗಿ ನೋಡಿದರೆ ದಾಸ್ತಾನಿಗೂ ಒಳಿತು, ದೇಹಕ್ಕೂ ಒಳಿತು.

ಗಿರಾಕಿಗಳಿಲ್ಲದ ಮಧ್ಯಾಹ್ನ: ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಏಳುವುದು, ಕೌಂಟರ್ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ಹತ್ತು ಬಾರಿ ನಿಲ್ಲುವುದು, ಗೋಡೆಗೆ ಎರಡೂ ಕೈ ಊರಿ ಹತ್ತು ಬಾರಿ ದಂಡೆ ಹೊಡೆಯುವುದು. ಒಂದೆರಡು ಕಿಲೋ ತೂಕದ ಅಕ್ಕಿ ಅಥವಾ ಸಕ್ಕರೆಯ ಪೊಟ್ಟಣವೇ ತೋಳುಗಳ ವ್ಯಾಯಾಮಕ್ಕೆ ಸಾಕು. ಅಭ್ಯಾಸವಾದಂತೆ ಸಂಖ್ಯೆಯನ್ನೂ ಭಾರವನ್ನೂ ನಿಧಾನವಾಗಿ ಹೆಚ್ಚಿಸಬೇಕು. ಹೆಚ್ಚಿಸದಿದ್ದರೆ ಬಲ ಬೆಳೆಯದು. ಕೌಂಟರ್ ಪಕ್ಕದಲ್ಲಿಯೇ ಒಂದು ಹಿಮ್ಮಡಿಯ ಮುಂದೆ ಇನ್ನೊಂದು ಪಾದವಿಟ್ಟು ಹತ್ತು ಹೆಜ್ಜೆ ನಡೆಯುವುದು, ಅಗತ್ಯವಾದರೆ ಹಿಡಿದುಕೊಳ್ಳುವಂತೆ ನಿಂತು ಒಂಟಿಗಾಲಿನ ಅಭ್ಯಾಸ ಮಾಡುವುದು ಸಮತೋಲನಕ್ಕೆ ಸಹಕಾರಿ.

ಊಟದ ನಂತರ: ಸಕ್ಕರೆ ಕಾಯಿಲೆಯ ಅಪಾಯವಿದ್ದ ಅರವತ್ತು ದಾಟಿದ ಹತ್ತು ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದರಲ್ಲಿ, ಮೂರೂ ಹೊತ್ತಿನ ಊಟದ ನಂತರ 15 ನಿಮಿಷ ನಡೆಯುವುದು ರಾತ್ರಿ ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸುವಲ್ಲಿ ಒಮ್ಮೆಲೇ 45 ನಿಮಿಷ ನಡೆಯುವುದಕ್ಕಿಂತ ಪರಿಣಾಮಕಾರಿಯಾಗಿತ್ತು. ತಡವಾಗಿ ಉಂಡು ಒಡನೆಯೇ ಮಲಗುವ ನಮ್ಮವರಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಆಹಾರದ ವಿಷಯದಲ್ಲಿ ಒಂದು ಮಾತು. ಸ್ನಾಯು ಬೆಳೆಯಲು ಪ್ರೋಟೀನ್ ಬೇಕು. ಅನ್ನ ಹೆಚ್ಚು, ಬೇಳೆ ಕಡಿಮೆ ಇರುವ ತಟ್ಟೆಯಲ್ಲಿ ಬೇಳೆ, ಮೊಳಕೆ ಕಾಳು, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ, ಮೀನು ಹೆಚ್ಚಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರ ಸಲಹೆಯಂತೆಯೇ ನಡೆಯಬೇಕು.

ಗಮನಿಸಬೇಕಾದ ಎಚ್ಚರಿಕೆಗಳು

ಹೃದ್ರೋಗ, ನಿಯಂತ್ರಣದಲ್ಲಿಲ್ಲದ ರಕ್ತದೊತ್ತಡ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೊಳಗಾದವರು ವೈದ್ಯರನ್ನು ವಿಚಾರಿಸಿಯೇ ಆರಂಭಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಶ್ರಮದ ನಂತರ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ; ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲಿ. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಬಾರದು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡುಬಂದರೆ ಕೂಡಲೇ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು. ಮಂಡಿನೋವಿರುವವರು ನಡೆಯಲೇಬಾರದೆಂಬುದು ತಪ್ಪು ತಿಳಿವಳಿಕೆ. ಸವೆದ ಮಂಡಿಗೆ ತೊಡೆಯ ಸ್ನಾಯುಗಳ ಬಲವೇ ಆಸರೆ. ಹಿತಮಿತವಾದ ವ್ಯಾಯಾಮವು ಅದರ ಚಿಕಿತ್ಸೆಯ ಪ್ರಮುಖ ಅಂಗ.

ಮುಂದಿನ ಪೀಳಿಗೆಯ ಪಾತ್ರ

ಹಿರಿಯರ ಮೇಲಿನ ಗೌರವದಿಂದಲೇ ನಾವು ಅವರನ್ನು ದುರ್ಬಲಗೊಳಿಸುತ್ತಿರುವುದೂ ಉಂಟು. "ನೀವು ಕೂತಿರಿ ಅಪ್ಪಾಜಿ, ನಾವು ನೋಡಿಕೊಳ್ಳುತ್ತೇವೆ" ಎಂದು ಮಗನು ಹೇಳುವುದು ಪ್ರೀತಿಯಿಂದಲೇ. ಆದರೆ ಎದ್ದು ನೀರು ಕುಡಿಯುವ, ಮೆಟ್ಟಿಲು ಹತ್ತುವ, ಬ್ಯಾಂಕಿಗೆ ನಡೆದುಹೋಗುವ ಅವಕಾಶಗಳನ್ನು ಒಂದೊಂದಾಗಿ ಕಿತ್ತುಕೊಂಡಾಗ ಆ ಪ್ರೀತಿಯೇ ಅವರ ಕಾಲುಗಳ ಬಲವನ್ನು ಕರಗಿಸುತ್ತದೆ. ಮಾಡಬಲ್ಲ ಕೆಲಸವನ್ನು ಅವರಿಗೇ ಬಿಟ್ಟು, ಗೋದಾಮಿಗೆ ಬೆಳಕು, ಮೆಟ್ಟಿಲಿಗೆ ಹಿಡಿಗಂಬಿ, ಜಾರದ ನೆಲ ಇವುಗಳನ್ನು ಒದಗಿಸುವುದೇ ನಿಜವಾದ ಸೇವೆ. ಮನೆಯಲ್ಲಿರುವ ತಾಯಂದಿರಿಗೂ, ಅಂಗಡಿಯಲ್ಲಿ ದಶಕಗಳಿಂದ ದುಡಿದು ಹಿರಿಯರಾದ ಗುಮಾಸ್ತರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ವರ್ತಕ ಬಾಂಧವರು ಈ ಪುಟವನ್ನು ಓದಿ ಮುಗಿಸಿದೊಡನೆ ಕುರ್ಚಿಯ ಕೈಗಳನ್ನು ಹಿಡಿಯದೆ ಹತ್ತು ಬಾರಿ ಎದ್ದು ಕೂರಲಿ. ಇಂದು ಎಷ್ಟಾಯಿತೆಂದು ರೋಜುಕೀರ್ದಿಯ ಮೂಲೆಯಲ್ಲಿ ಬರೆದಿಟ್ಟು, ಮೂರು ತಿಂಗಳ ನಂತರ ಮತ್ತೆ ಎಣಿಸಿ ನೋಡಲಿ. ಲಾಭವೋ ನಷ್ಟವೋ ಎಂಬುದು ಅವರಿಗೇ ತಿಳಿಯುತ್ತದೆ.